ಓಡುವ ಹಂದಿಗೆ ಗುಂಡು, ರಿಜಿಸ್ಟರಿಗೆ ಅರ್ಧ ಲೆಕ್ಕ

ಇವರಿಗೆ,
ಕಾಸರಗೋಡು ಜಿಲ್ಲೆಯ ಗ್ರಾಮ ಪಂಚಾಯತ್‌ಗಳ ಮಾನ್ಯ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು
ಹಾಗೂ ಕಾಡುಹಂದಿ ಹೊಡೆಯಲು ಪಂಚಾಯತ್ ಪಟ್ಟಿಯಲ್ಲಿರುವ ಕೋವಿದಾರ ಬಂಧುಗಳು

ವಿಷಯ: ಓಡುತ್ತಿರುವ ಕಾಡುಹಂದಿಗೆ ಗುಂಡು ಹಾರಿಸುವುದನ್ನು ಅನುಮತಿ ಪತ್ರದಲ್ಲೇ ನಿಷೇಧಿಸುವ ಬಗ್ಗೆ

ಮಾನ್ಯರೇ,

ಹಂದಿ ಹೊಡೆಯಬೇಡಿ ಎಂದು ಹೇಳುವ ಪತ್ರ ಇದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಬಾಯಿ ತೆರೆದವರನ್ನೆಲ್ಲ ‘ಪ್ರಾಣಿದಯೆಯವರು’ ಎಂದು ಬದಿಗೆ ಕೂರಿಸುವ ಅಭ್ಯಾಸ ನಮ್ಮಲ್ಲಿ ಉಂಟು. ನಾನು ಮಂಜೇಶ್ವರ ತಾಲೂಕಿನ ಒಳಗಿನ ಒಂದು ಬೈಲಿನಲ್ಲಿ ಅಡಿಕೆ, ಬಾಳೆ, ಸ್ವಲ್ಪ ತರಕಾರಿ ಮಾಡಿಕೊಂಡಿರುವ ಕೃಷಿಕ. ತಂದೆಯ ಕಾಲದ ಜೋಡುನಳಿಗೆಯ ತೋಟೆ ಕೋವಿ ಬೆಳೆ ರಕ್ಷಣೆಯ ಪರವಾನಿಗೆಯಲ್ಲಿ ನನ್ನ ಹೆಸರಿಗಿದೆ. ಪಂಚಾಯತ್ ಪಟ್ಟಿಯಲ್ಲೂ ನನ್ನ ಹೆಸರಿದೆ. ಮರಗೆಣಸು ನೆಡುವುದನ್ನು ನಮ್ಮ ಬೈಲಿನಲ್ಲಿ ಬಿಟ್ಟೇಬಿಟ್ಟಿದ್ದಾರೆ. ಕೆಸು, ಸುವರ್ಣಗಡ್ಡೆ ಮನೆಯಂಗಳದ ಬದಿಗೆ ಬಂದು ನಿಂತಿವೆ. ಹೊಸತಾಗಿ ನೆಟ್ಟ ಅಡಿಕೆ ಸಸಿಗಳನ್ನು ಬೆಳಗಾಗುವುದರೊಳಗೆ ಸಾಲಿಗೆ ಸಾಲೇ ಮಗುಚಿ ಹಾಕಿದ್ದನ್ನು ನೋಡಿದವನಿಗೆ ಹಂದಿಯ ಮೇಲೆ ಪದ್ಯ ಬರೆಯುವ ಮನಸ್ಸು ಬರುವುದಿಲ್ಲ.

ಹೊಡೆಸುವ ಅಧಿಕಾರ ನಿಮ್ಮ ಕೈಗೆ ಬಂದದ್ದು 2022ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಪ್ರತಿಯೊಂದಕ್ಕೂ ಅರಣ್ಯ ಇಲಾಖೆಯ ಬಾಗಿಲು ಕಾಯಬೇಕಿತ್ತು. ಸ್ಥಳೀಯಾಡಳಿತ ಸಂಸ್ಥೆಗಳ ಅಧ್ಯಕ್ಷರನ್ನು ಕೇರಳ ಸರಕಾರ ಗೌರವ ವನ್ಯಜೀವಿ ವಾರ್ಡನ್‌ಗಳನ್ನಾಗಿ ಮಾಡಿದ ಮೇಲೆ ಕೃಷಿಕರಿಗೆ ಅನುಮತಿ ಬೇಗ ಸಿಗುವಂತಾಯಿತು. ಆ ಏರ್ಪಾಡನ್ನು ಸರಕಾರ ಆಮೇಲೂ ಮುಂದುವರಿಸಿತು. ಅದಕ್ಕೆ ನಮ್ಮ ಋಣ ಇದೆ. ವಿಷ, ಸ್ಫೋಟಕ, ಕರೆಂಟು ಬಳಸಬಾರದು, ಜನರಿಗೂ ಸಾಕುಪ್ರಾಣಿಗಳಿಗೂ ಅಪಾಯ ಆಗಬಾರದು, ಸತ್ತ ಹಂದಿಯನ್ನು ಸರಿಯಾಗಿ ಹೂಳಬೇಕು, ಲೆಕ್ಕವನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು ಎಂಬ ಷರತ್ತುಗಳನ್ನೂ ಸರಕಾರ ಹಾಕಿತು. 2020ರ ಮೇ ತಿಂಗಳಲ್ಲಿ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಿಯೊಳಗೆ ಸಿಡಿಮದ್ದು ಸ್ಫೋಟಿಸಿ, ಹೊಳೆಯ ನೀರಿನಲ್ಲಿ ನಿಂತುಕೊಂಡೇ ಸತ್ತ ಗಬ್ಬದ ಆನೆಯನ್ನು ನೆನಪಿಸಿಕೊಂಡರೆ ಆ ಷರತ್ತುಗಳ ಬೆಲೆ ಗೊತ್ತಾಗುತ್ತದೆ.

ಆದರೆ ಹೊಡೆಯುವುದು ಹೇಗೆ? ನಿಂತ ಹಂದಿಗೋ, ಓಡುವ ಹಂದಿಗೋ? ಎಷ್ಟು ದೂರದಿಂದ? ಗುಂಡು ತಾಗಿಯೂ ಓಡಿಹೋದರೆ ಬೆನ್ನು ಹತ್ತಬೇಕಾದವರು ಯಾರು? ನಮ್ಮ ಕೈಗೆ ಸಿಗುವ ಅನುಮತಿ ಪತ್ರದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ದೂರು ಇರುವುದು ಅಲ್ಲಿ.

ಕಳೆದ ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ನನ್ನ ಕಣ್ಣೆದುರು ನಡೆದದ್ದನ್ನು ಹೇಳುತ್ತೇನೆ. ಯಾವ ಪಂಚಾಯತ್, ಯಾರ ಕೋವಿ ಎಂದು ಬರೆಯುವುದಿಲ್ಲ. ಓದಿದವರಲ್ಲಿ ಹಲವರಿಗೆ ‘ಇದು ನಮ್ಮಲ್ಲಿಯದ್ದೇ’ ಅನ್ನಿಸಿದರೆ ನಾನೇನೂ ಮಾಡುವಂತಿಲ್ಲ.

ನಮ್ಮ ತೋಟದ ಮೇಲೆ ಒಂದು ಹಳೆಯ ಗೇರುಗುಡ್ಡೆ. ಕಾಡು ಕಡಿಯದೆ ಎಷ್ಟೋ ವರ್ಷವಾಗಿ ಒಳಗೆ ಮನುಷ್ಯ ಹೊಗ್ಗಲಾಗದ ಬಲ್ಲೆ. ಹಂದಿಗಳ ಹಗಲಿನ ಮನೆ ಅದು. ಹಂದಿ ಹೊಡೆಯುವ ತಂಡದವರು ಅನುಮತಿ ಪತ್ರದ ನಕಲು ಹಿಡಿದುಕೊಂಡೇ ಬಂದಿದ್ದರು. ಆ ಮಟ್ಟಿಗೆ ಕಾನೂನು ಪ್ರಕಾರವೇ. ಗುಡ್ಡೆಯ ಮೇಲಿನಿಂದ ನಾಯಿಗಳನ್ನು ಬಿಟ್ಟು ಗಲಾಟೆ ಎಬ್ಬಿಸಿದರು. ಕೋವಿಯವರು ಕೆಳಗೆ ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ, ಒಬ್ಬರಿಗೊಬ್ಬರು ಕಾಣುವಂತೆಯೂ ಕಾಣದಂತೆಯೂ ನಿಂತಿದ್ದರು. ಹಿಂಡು ತೋಡು ಹಾರಿ ನಮ್ಮ ತೋಟಕ್ಕೆ ನುಗ್ಗಿತು. ಮುಂದೆ ಒಂದು ದೊಡ್ಡ ಹೆಣ್ಣು, ಹಿಂದೆ ಅರೆ ಬೆಳೆದ ಮರಿಗಳು, ಕೊನೆಗೆ ಇನ್ನೆರಡು. ಈಡಿನ ಮೇಲೆ ಈಡು. ಒಂದು ಹಂದಿ ತೋಟದ ಕಣಿಗೆ (ನೀರು ಹರಿಯುವ ಚರಂಡಿಗೆ) ಉರುಳಿತು. ಮತ್ತೊಂದು ಬೀಳಲಿಲ್ಲ, ಆದರೆ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿಕೊಂಡು, ಓಟದ ಹದ ತಪ್ಪಿ ಮೇಲಿನ ಅಗಳಿನ ಕಡೆಗೆ ಹೋಯಿತು. ಹೊಟ್ಟೆಗೆ ಗುಂಡು ತಾಗಿದ ಪ್ರಾಣಿ ಹಾಗೆ ಬಗ್ಗುತ್ತದೆ.

ನಾನು ಅದು ಹೋದ ದಾರಿಯಲ್ಲಿ ಸ್ವಲ್ಪ ದೂರ ನೋಡಿಕೊಂಡು ಹೋದೆ. ಬಿದ್ದಿದ್ದ ಒಂದು ಅಡಿಕೆ ಹಾಳೆಯ ಮೇಲೆ ರಕ್ತ ಇತ್ತು. ಶ್ವಾಸಕೋಶಕ್ಕೆ ತಾಗಿದ ರಕ್ತವಾದರೆ ತಿಳಿಗೆಂಪಾಗಿ ನೊರೆ ಇರುತ್ತದೆ. ಇದು ಕಪ್ಪುಗೆಂಪು, ನಡುವೆ ಹಸಿರು-ಹಳದಿ ಕಸ, ಬಗ್ಗಿದರೆ ಮೂಗಿಗೆ ಹೊಡೆಯುವ ನಾತ. ಹಾಳೆಯನ್ನು ಹಾಗೆಯೇ ಎತ್ತಿಕೊಂಡು ಬಂದು ತೋರಿಸಿದೆ. ಅವರು ಬಿದ್ದ ಹಂದಿಯ ಹತ್ತಿರ ಫೋಟೋ ತೆಗೆಯುತ್ತಿದ್ದರು. “ಅದು ಎಲ್ಲಿಯಾದ್ರೂ ಹೋಗಿ ಬೀಳ್ತದೆ, ನೀವು ತಲೆಬಿಸಿ ಮಾಡ್ಬೇಡಿ ಮಾರಾಯ್ರೆ” ಎಂದರು. ಮಧ್ಯಾಹ್ನದೊಳಗೆ ಹೂಳುವ ಕೆಲಸ ಮುಗಿಯಿತು, ಜೀಪು ಹೋಯಿತು.

ಅದು ಹೋಗಿ ಬಿದ್ದದ್ದು ನಮ್ಮ ಸುರಂಗದಲ್ಲಿ. ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ, ಗುಡ್ಡೆಯ ಮುರಕಲ್ಲನ್ನು (ಜಂಬಿಟ್ಟಿಗೆಯನ್ನು) ಅಡ್ಡಕ್ಕೆ ಕೊರೆದು ಒಳಗಿನ ಒರತೆಯನ್ನು ಹೊರಗೆ ಹರಿಸಿಕೊಳ್ಳುವ ಬಿಲದಂಥ ದಾರಿ ಅದು. ಎಣ್ಮಕಜೆ, ಪೈವಳಿಕೆ, ಬದಿಯಡ್ಕ ಕಡೆ ಎಷ್ಟೋ ಮನೆಗಳಿಗೆ ಕುಡಿಯುವ ನೀರು ಅದರದ್ದೇ. ಹೊಟ್ಟೆಗೆ ಗುಂಡು ತಾಗಿದ ಪ್ರಾಣಿಗೆ ಬಾಯಾರಿಕೆ ಜಾಸ್ತಿ, ತಂಪು ಹುಡುಕುತ್ತದೆ. ಎರಡು ಮೂರು ದಿನ ಕಳೆದು ಪೈಪಿನ ನೀರು ವಾಸನೆ ಬಂದಾಗಲೇ ನಮಗೆ ಗೊತ್ತಾದದ್ದು. ಬಾಯಿಯಿಂದ ಏಳೆಂಟು ಹೆಜ್ಜೆ ಒಳಗೆ, ನೀರಿನಲ್ಲೇ ಮಲಗಿತ್ತು. ಹಿಂಗಾಲಿನ ಸಂದಿನ ಮುಂದೆ ಗುಂಡು ಒಳಹೊಕ್ಕ ತೂತು. ಕೊಬ್ಬು ಜರಗಿ ಅದು ಹೊರಗಿನಿಂದ ಮುಚ್ಚಿಯೇ ಹೋಗಿತ್ತು. ಹಂದಿ ಹೆಚ್ಚು ರಕ್ತ ಚೆಲ್ಲದೆ ಬಹಳ ದೂರ ಹೋಗುವುದು ಈ ಕಾರಣಕ್ಕೆ.

ಆಮೇಲಿನದ್ದು ಕಾಗದದ ಕತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಮಿನ ಪ್ರಕಾರ ಅನುಮತಿಯಲ್ಲಿ ಕೊಂದ ಪ್ರಾಣಿಯೂ ಸರಕಾರದ ಸೊತ್ತು, ಸತ್ತು ಸಿಕ್ಕಿದ ಪ್ರಾಣಿಯೂ ಸರಕಾರದ ಸೊತ್ತು. ಅಂಥದ್ದು ಕೈಗೆ ಬಂದವನು 48 ಗಂಟೆಯೊಳಗೆ ವರದಿ ಮಾಡಬೇಕು. ಹೊಡೆದವನ ಕರ್ತವ್ಯ ಒಂದು ಫೋಟೋದಲ್ಲಿ ಮುಗಿಯಿತು. ನೀರು ಕಳಕೊಂಡವನ ಕರ್ತವ್ಯ ಅಲ್ಲಿಂದ ಶುರುವಾಯಿತು. ಪಂಚಾಯತ್‌ಗೆ ಹೇಳಿದರೆ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೇಳಿ ಎಂದರು, ಅಲ್ಲಿ ಕೇಳಿದರೆ ಅನುಮತಿ ಕೊಟ್ಟದ್ದು ಪಂಚಾಯತ್ ಎಂದರು. ಕೊನೆಗೆ ಎರಡು ಮನೆಯವರು ಸೇರಿ ಹಗ್ಗ ಕಟ್ಟಿ ಎಳೆದೆವು, ಸುರಂಗ ತೊಳೆದೆವು, ವಾರಗಟ್ಟಲೆ ದೂರದ ಬಾವಿಯಿಂದ ನೀರು ಹೊತ್ತೆವು. ಆ ಭಾನುವಾರದ ರಿಜಿಸ್ಟರ್ ಏನು ಹೇಳುತ್ತದೆ ಎಂದು ವಿಚಾರಿಸಿದೆ. ಒಂದು ಹಂದಿ. ಎರಡನೆಯದ್ದನ್ನು ಬರೆಯಲು ಆ ಪುಸ್ತಕದಲ್ಲಿ ಕಾಲಮೇ ಇಲ್ಲ. ಸತ್ತು ಕೈಗೆ ಸಿಕ್ಕಿದ್ದು ಮಾತ್ರ ಲೆಕ್ಕ; ಗಾಯಗೊಂಡು ಬಲ್ಲೆ ಸೇರಿದ್ದು ಹಂದಿಯೇ ಅಲ್ಲ ಎಂಬಂತೆ.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಓಡುವ ಹಂದಿಗೆ ಹೊಡೆಯುವುದು ಯಾಕೆ ಬೇರೆಯೇ ಒಂದು ವಿದ್ಯೆ ಎಂಬುದನ್ನು ಕೋವಿ ಹಿಡಿಯದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸಹಿ ಹಾಕುವ ನಿಮ್ಮಲ್ಲಿ ಹೆಚ್ಚಿನವರು ಕೋವಿ ಹಿಡಿದವರಲ್ಲ.

ಬೆದರಿ ಓಡುವ ಹಂದಿ ಗಂಟೆಗೆ 35-40 ಕಿಲೋಮೀಟರ್ ವೇಗ ಮುಟ್ಟುತ್ತದೆ. ಲೆಕ್ಕಕ್ಕೆ ಸೆಕೆಂಡಿಗೆ 10 ಮೀಟರ್ ಎಂದಿಟ್ಟುಕೊಳ್ಳೋಣ. ನಮ್ಮ 12 ಬೋರಿನ ಕೋವಿಯ ಒಂಟಿ ಗುಂಡು ಸೆಕೆಂಡಿಗೆ ಸುಮಾರು 400 ಮೀಟರ್ ಹೋಗುತ್ತದೆ. 40 ಮೀಟರ್ ದೂರದ ಹಂದಿಯನ್ನು ಮುಟ್ಟಲು ಗುಂಡಿಗೆ ಸೆಕೆಂಡಿನ ಹತ್ತನೇ ಒಂದು ಪಾಲು ಬೇಕು. ಅಷ್ಟರಲ್ಲಿ ಅಡ್ಡ ಓಡುವ ಹಂದಿ 1 ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ಭುಜಕ್ಕೆ ಗುರಿಯಿಟ್ಟವನ ಗುಂಡು ಸೊಂಟಕ್ಕೆ ಬೀಳುತ್ತದೆ, ಮೂತಿಗೆ ಗುರಿಯಿಟ್ಟವನದ್ದು ಹೊಟ್ಟೆಗೆ. ಹೊರಟ ಬಸ್ಸನ್ನು ಓಡಿ ಹತ್ತುವವನು ಬಾಗಿಲು ಈಗ ಇರುವ ಜಾಗಕ್ಕಲ್ಲ, ಬಂದು ಸೇರುವ ಜಾಗಕ್ಕೆ ಓಡುತ್ತಾನಲ್ಲ, ಕೋವಿಯೂ ಹಾಗೆ ಹಂದಿಯ ಮುಂದಿನ ಖಾಲಿ ಜಾಗಕ್ಕೆ ಹೊಡೆಯಬೇಕು. ಮುಂದೆ ಎಂದರೆ ಎಷ್ಟು ಮುಂದೆ? ಅದು ದೂರದ ಮೇಲೆ, ವೇಗದ ಮೇಲೆ, ಹಂದಿ ಪೂರಾ ಅಡ್ಡ ಓಡುತ್ತಿದೆಯೋ ಓರೆಯಾಗಿಯೋ ಎಂಬುದರ ಮೇಲೆ ಹೋಗುತ್ತದೆ. ಈ ಮೂರನ್ನೂ ಅರೆಕ್ಷಣದಲ್ಲಿ ಅಳೆಯಬೇಕು.

ಅಳೆದ ಮೇಲೂ ಕೋವಿ ನಿಲ್ಲಬಾರದು. ಹಂದಿಯ ಹಿಂದಿನಿಂದ ನಳಿಗೆಯನ್ನು ತಂದು, ಮೈಯನ್ನು ದಾಟಿಸಿ, ಮುಂದೆ ಹೋಗುತ್ತಿರುವಾಗಲೇ ಕೋವಿಯ ಕುದುರೆ (ಟ್ರಿಗರ್) ಎಳೆದು, ಎಳೆದ ಮೇಲೂ ತಿರುಗಿಸುತ್ತಲೇ ಇರಬೇಕು. ಹೊಸಬರು ಮಾಡುವ ಕೆಲಸ ಒಂದೇ: ಎಳೆಯುವ ಹೊತ್ತಿಗೆ ಕೋವಿಯನ್ನು ಗಕ್ಕನೆ ನಿಲ್ಲಿಸುತ್ತಾರೆ. ಕಣ್ಣು ಕಂಡು ಬೆರಳು ಎಳೆಯುವ ನಡುವೆಯೇ ಸೆಕೆಂಡಿನ ಐದನೇ ಒಂದು ಪಾಲು ಹೋಗುತ್ತದೆ. ಅದು ಮತ್ತೆ 2 ಮೀಟರ್. ಕೋವಿ ನಿಂತರೆ ಗುಂಡು ಹಿಂದೆ. ನಮ್ಮ ಸುರಂಗದ ಹಂದಿಯ ತೂತು ಹಿಂಗಾಲಿನ ಹತ್ತಿರ ಯಾಕಿತ್ತು ಎಂಬುದಕ್ಕೆ ಬೇರೆ ಉತ್ತರ ಬೇಡ.

ಇನ್ನು ತಾಗಬೇಕಾದ ಜಾಗ. ಹಂದಿಯ ಹೃದಯ ಜನ ತಿಳಿದದ್ದಕ್ಕಿಂತ ಕೆಳಗೆ ಮತ್ತು ಮುಂದೆ, ಮುಂಗಾಲುಗಳ ನಡುವೆ ಇರುತ್ತದೆ. ಬೆನ್ನಿನ ಮೇಲೆ ಎದ್ದು ನಿಂತ ಬಿರುಗೂದಲು, ಅದರಡಿಯ ಉಬ್ಬು ನೋಡಿ ಮೈ ಬಹಳ ಎತ್ತರ ಅನ್ನಿಸುವುದರಿಂದ ಗುರಿ ಮೇಲಕ್ಕೆ ಹೋಗುತ್ತದೆ. ಗಂಡು ಹಂದಿಗಾದರೆ ಭುಜದ ಮೇಲೆ ಗಟ್ಟಿ ಚರ್ಮದ ಗುರಾಣಿ ಬೇರೆ. ಒಂದೇಟಿಗೆ ಜೀವ ಹೋಗುವ ಜಾಗ ಹೆಚ್ಚೆಂದರೆ ಒಂದು ಗೇಣು ಅಗಲ. ಆ ಗೇಣನ್ನು ಅಡಿಕೆ ತೋಟದಲ್ಲಿ ಹುಡುಕಬೇಕು. ಮರದಿಂದ ಮರಕ್ಕೆ 9 ಅಡಿಯ ಲೆಕ್ಕದಲ್ಲಿ ನೆಟ್ಟ ತೋಟದಲ್ಲಿ ಓಡುವ ಹಂದಿ ಒಂದು ಸಂದಿಯಲ್ಲಿ ಕಾಣುವುದು ಕಾಲು ಸೆಕೆಂಡು. ಒಂಟಿ ಗುಂಡು ಬೇಡ, ಚರೆ (ಒಂದೇ ತೋಟೆಯಲ್ಲಿ ಹಲವು ಸಣ್ಣ ಗುಂಡು) ಹಾಕುತ್ತೇವೆ ಎನ್ನುವವರಿದ್ದಾರೆ. ಎಲ್‌ಜಿ, ಎಸ್‌ಜಿ ಎನ್ನುವ ದೊಡ್ಡ ಚರೆಯ ತೋಟೆಯೊಳಗೆ ಇರುವುದೇ ಬೆರಳೆಣಿಕೆಯ ಚರೆ. 40 ಮೀಟರಿಗೆ ಅವು ಚದುರಿ, ಒಂದೋ ಎರಡೋ ಎಲ್ಲಿಯೋ ತಾಗುತ್ತವೆ. ಹಂದಿಗೆ ನೋವು ಕೊಡಲು ಅಷ್ಟು ಸಾಕು, ಸಾಯಿಸಲು ಸಾಲದು.

ಓಡುವ ಗುರಿಗೆ ಹೊಡೆಯುವುದು ಒಂದು ಕಾಲದಲ್ಲಿ ಒಲಿಂಪಿಕ್ ಸ್ಪರ್ಧೆಯಾಗಿತ್ತು. 1972ರಿಂದ 1988ರವರೆಗೆ 50 ಮೀಟರ್ ದೂರದಲ್ಲಿ ಹಂದಿಯ ಚಿತ್ರವನ್ನು ಹಳಿಯ ಮೇಲೆ ಓಡಿಸುತ್ತಿದ್ದರು. 10 ಮೀಟರ್ ಅಗಲದ ತೆರವಿನಲ್ಲಿ ನಿಧಾನದ ಓಟಕ್ಕೆ 5 ಸೆಕೆಂಡು, ವೇಗದ ಓಟಕ್ಕೆ 2.5 ಸೆಕೆಂಡು. ಸಮತಟ್ಟು ಜಾಗ, ದುರ್ಬೀನು ಇರುವ ರೈಫಲ್, ವರ್ಷವಿಡೀ ಅಭ್ಯಾಸ ಮಾಡಿದ ಕೈ. ಅಂಥವರಿಗೆ ‘ವೇಗ’ ಎಂದು ಕೊಟ್ಟದ್ದು ಸೆಕೆಂಡಿಗೆ 4 ಮೀಟರ್. ನಮ್ಮ ತೋಟದಲ್ಲಿ ಅದರ ಎರಡೂವರೆ ಪಟ್ಟು ವೇಗದಲ್ಲಿ ಹೋಗುವ ಜೀವಂತ ಹಂದಿಗೆ, ನಳಿಗೆಯ ತುದಿಯಲ್ಲಿ ಒಂದು ಮಣಿ ಬಿಟ್ಟರೆ ಬೇರೇನೂ ಇಲ್ಲದ ಕೋವಿಯಲ್ಲಿ, ವರ್ಷಕ್ಕೆ ನಾಲ್ಕು ತೋಟೆ ಸುಡದವರು ಹೊಡೆಯುತ್ತಾರೆ. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಠೇವಣಿ ಇಟ್ಟು, ಮುಗಿದ ಮೇಲೆ ತಂದು ಎಣ್ಣೆ ಒರೆಸಿ ಮೂಲೆಗಿಡುವ ಕೋವಿಗಳು ನಮ್ಮವು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ನಾವು ಕೃಷಿಕರು. ಆದರೆ ಪರವಾನಿಗೆ ಇದ್ದರೆ ಗುರಿ ಇದೆ ಎಂದು ಪಂಚಾಯತ್ ತಿಳಿದುಕೊಳ್ಳಬಾರದು. 2016ರ ಶಸ್ತ್ರಾಸ್ತ್ರ ನಿಯಮಗಳು ಹೊಸ ಪರವಾನಿಗೆಗೆ ಸುರಕ್ಷತಾ ತರಬೇತಿಯನ್ನು ಕೇಳುತ್ತವೆ. ನಮ್ಮಲ್ಲಿ ಹೆಚ್ಚಿನವರ ಪರವಾನಿಗೆ ಅದಕ್ಕಿಂತ ಹಳೆಯದು, ತಂದೆಯಿಂದ ಮಗನಿಗೆ ಬಂದದ್ದು. ಪರವಾನಿಗೆ ಕಾಗದವನ್ನು ಹೆಸರಿಗೆ ಮಾಡಿಸಿಕೊಳ್ಳಬಹುದು, ಗುರಿಯನ್ನು ಮಾಡಿಸಿಕೊಳ್ಳಲಾಗುವುದಿಲ್ಲ.

ಬೇಟೆಯನ್ನು ಕಾನೂನೇ ಒಪ್ಪಿರುವ ದೇಶಗಳು ಇದನ್ನು ಹೇಗೆ ನೋಡುತ್ತವೆ? ಸ್ವೀಡನ್ನಿನ ಬೇಟೆ ಪರೀಕ್ಷೆಯಲ್ಲಿ ಓಡುವ ಗುರಿಗೆ ಹೊಡೆದು ತೋರಿಸಬೇಕು. ಅಷ್ಟೇ ಅಲ್ಲ, ಹಂದಿಯಂಥ ದೊಡ್ಡ ಪ್ರಾಣಿಯ ಬೇಟೆಗೆ ಹೋದರೆ, ಗಾಯಗೊಂಡದ್ದನ್ನು ಹುಡುಕಲು ಪಳಗಿದ ನಾಯಿ ಎರಡು ಗಂಟೆಯೊಳಗೆ ಜಾಗಕ್ಕೆ ಬರುವ ಏರ್ಪಾಡು ಇರಲೇಬೇಕೆಂದು ಅಲ್ಲಿನ ನಿಯಮ. ಜರ್ಮನಿಯಲ್ಲೂ ಎಬ್ಬಿಸಿ ಹೊಡೆಯುವ ಬೇಟೆಗೆ ಬರುವವರಿಂದ ಗುರಿ ಅಭ್ಯಾಸದ ದಾಖಲೆ ಕೇಳುವುದುಂಟು. ಹುಡುಕುವ ನಾಯಿ ಬೇರೆ, ಎಬ್ಬಿಸುವ ನಾಯಿ ಬೇರೆ. ನಮ್ಮಲ್ಲಿ ಎರಡನೆಯದ್ದು ಮಾತ್ರ ಇದೆ. ಬೇಟೆಯನ್ನು ನಿಷೇಧಿಸಿರುವ ನಮ್ಮ ದೇಶದಲ್ಲಿ, ಕಷ್ಟಕ್ಕೆಂದು ತೆರೆದ ಈ ಸಣ್ಣ ಬಾಗಿಲಿಗೆ ಅಷ್ಟಾದರೂ ಶಿಸ್ತು ಬೇಡವೇ?

‘ನಮ್ಮ ಹಿರಿಯರು ಓಡುವ ಹಂದಿಗೇ ಹೊಡೆಯುತ್ತಿದ್ದರು’ ಎಂಬ ಮಾತು ಬರುತ್ತದೆ. ನಿಜ. ತುಳುನಾಡಿನಲ್ಲಿ ಕೆಡ್ಡಸ ಎಂಬ ಭೂಮಿತಾಯಿಯ ಹಬ್ಬಕ್ಕೆ ಬೇಟೆ ಹೋಗುತ್ತಿದ್ದ ಕಾಲ ಇತ್ತು; 1972ರ ಕಾಯ್ದೆಯ ಮುಂದೆ ಆ ವಾದ ನಿಲ್ಲುವುದಿಲ್ಲ ಎಂಬುದು ಬೇರೆ ಮಾತು. ನಮ್ಮ ತಂದೆಯ ಜತೆ ಹೋಗುತ್ತಿದ್ದವರಲ್ಲಿ ಒಬ್ಬರಿದ್ದರು, ಈ ಕಡೆಯ ಗುಡ್ಡೆಗಳಲ್ಲಿ ಅವರ ಬೆಡಿಯ (ಕೋವಿಯ) ಶಬ್ದ ಒಂದೇ ಸಲ ಕೇಳುತ್ತದೆ ಎಂದು ಹೆಸರಾದವರು. ಅವರಿಂದ ನಾನು ಕಂಡದ್ದು ಹೊಡೆಯುವುದಕ್ಕಿಂತ ಬಿಡುವುದನ್ನು. ಹಂದಿ ಕಣ್ಣೆದುರು ಹಾದುಹೋಗುತ್ತಿತ್ತು, ಕೋವಿ ಭುಜಕ್ಕೇರುತ್ತಿತ್ತು, ಹಾಗೆಯೇ ಇಳಿಯುತ್ತಿತ್ತು. ಯಾಕೆಂದು ಕೇಳಿದರೆ “ಬಾಲ ಕಂಡಿತು” ಎನ್ನುತ್ತಿದ್ದರು. ಬೆನ್ನು ತೋರಿಸಿ ಓಡುವುದಕ್ಕೆ ಹೊಡೆದರೆ ಗುಂಡು ಕರುಳನ್ನೆಲ್ಲ ಹಾದು ಹೋಗಬೇಕು. ತಾಗಿದ್ದು ಬೀಳದಿದ್ದರೆ ಊಟ ಬಿಟ್ಟು ಹುಡುಕುತ್ತಿದ್ದರು. ಹಿರಿಯರ ಹೆಸರು ಹೇಳುವವರು ಈ ಅರ್ಧವನ್ನು ಯಾಕೆ ಬಿಡುತ್ತಾರೋ.

ಮನುಷ್ಯರ ಅಪಾಯದ ಮಾತಿಗೆ ಬರುತ್ತೇನೆ. ಇದೊಂದೇ ಸಾಕಿತ್ತು, ಉಳಿದದ್ದನ್ನು ಬರೆಯದಿದ್ದರೂ ನಡೆಯುತ್ತಿತ್ತು. ಹಂದಿಯ ಜತೆ ಕೋವಿ ತಿರುಗುವಾಗ ಅದರ ಹಿಂದೆ ಏನಿದೆ ಎಂದು ನೋಡಲು ಯಾರಿಂದಲೂ ಆಗುವುದಿಲ್ಲ. ನಮ್ಮಲ್ಲಿ ಹಿಂದೆ ಇರುವುದು ಕಾಡಲ್ಲ. ನಸುಕಿಗೆ ತಲೆಗೆ ಟಾರ್ಚ್ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗ್ ಮಾಡುವವರು ಇರುತ್ತಾರೆ, ಬೆಳಿಗ್ಗೆ ಮದ್ರಸಕ್ಕೆ ನಡೆದುಹೋಗುವ ಮಕ್ಕಳು ಇರುತ್ತಾರೆ, ಬಿದ್ದ ಗೇರುಬೀಜ ಹೆಕ್ಕುವವರು, ಹುಲ್ಲಿಗೆ ಹೋದವರು, ಸೌದೆಗೆ ಹೋದವರು. ನೆಲವಾದರೂ ಎಂಥದ್ದು? ಮುರಕಲ್ಲಿನ ಪಾದೆ, ಅಂದರೆ ಗಟ್ಟಿ ಬಂಡೆ. ತಗ್ಗಿನಲ್ಲಿ ಹಾರಿದ ಒಂಟಿ ಗುಂಡು ಪಾದೆಗೆ ಬಡಿದು ಯಾವ ದಿಕ್ಕಿಗೆ ಎಗರೀತು ಎಂದು ಹೇಳುವವರಿಲ್ಲ. ಆ ಭಾನುವಾರ ನಮ್ಮ ಹಟ್ಟಿಯ ಹಂಚು ಒಂದು ಒಡೆಯಿತು. ಹಟ್ಟಿ ಇದ್ದದ್ದು ಕೋವಿಯವರು ನಿಂತ ಸಾಲಿಗೆ ಪೂರಾ ಬದಿಯಲ್ಲಿ. ಕೆಲಸದವರು ಹಾಲು ಕರೆದು ಆಗಷ್ಟೇ ಹೊರಗೆ ಬಂದಿದ್ದರು. ಇದನ್ನೂ ಆ ರಿಜಿಸ್ಟರಿನಲ್ಲಿ ಬರೆದಿಲ್ಲ.

ಗಾಯಗೊಂಡ ಹಂದಿಯಿಂದಲೂ ಅಷ್ಟೇ ಅಪಾಯ. ಅದು ಬಲ್ಲೆಯಲ್ಲಿ ಸದ್ದಿಲ್ಲದೆ ಮಲಗಿರುತ್ತದೆ, ಹತ್ತಿರ ಬಂದವರ ಮೇಲೆ ನೇರ ಏರಿ ಬರುತ್ತದೆ. ಕೋರೆ ತಾಗುವುದು ತೊಡೆಯ ಒಳಬದಿಗೆ, ದೊಡ್ಡ ರಕ್ತನಾಳ ಇರುವ ಕಡೆಗೆ. ಮರುದಿನ ಅಲ್ಲಿ ಸೊಪ್ಪಿಗೆ ಹೋಗುವ ಹೆಂಗಸಿಗೆ ನಿನ್ನೆ ಇಲ್ಲಿ ಬೆಡಿ ಆಗಿತ್ತು, ಒಂದು ಹಂದಿ ತಾಗಿ ಒಳಗಿದೆ ಎಂದು ಹೇಳುವವರು ಯಾರು? ಗಡಿಯ ಪಂಚಾಯತ್‌ಗಳಲ್ಲಿ ಇನ್ನೊಂದು ಸಂಗತಿ ಇದೆ. ಹಂದಿ ತೋಡು ದಾಟಿ ಪುತ್ತೂರಿನ ಕಡೆಗೋ ಸುಳ್ಯದ ಕಡೆಗೋ ಹೋಯಿತು ಎಂದರೆ ನಿಮ್ಮ ಅನುಮತಿ ಪತ್ರ ಅಲ್ಲಿ ನಡೆಯುವುದಿಲ್ಲ. ಗಾಯ ನಾವು ಮಾಡಿ, ಅಪಾಯವನ್ನು ಆಚೆ ರಾಜ್ಯದವರ ತೋಟಕ್ಕೆ ದಾಟಿಸಿದ ಹಾಗೆ.

ಇಷ್ಟೆಲ್ಲ ಮಾಡಿಯೂ ಬೆಳೆಗೆ ಲಾಭವಾಯಿತೇ ಎಂದರೆ ಅದೂ ಸಂಶಯ. ಹಿಂಡನ್ನು ನಡೆಸುವುದು ದೊಡ್ಡ ಹೆಣ್ಣು ಹಂದಿ. ಎಬ್ಬಿಸಿದಾಗ ಮೊದಲು ಹೊರಬರುವುದು ಹೆಚ್ಚಾಗಿ ಅದೇ, ಮೊದಲ ಗುಂಡು ಬೀಳುವುದೂ ಅದಕ್ಕೇ. ಓಡುವಾಗ ಅದು ಗಬ್ಬದ್ದೋ, ಮೊಲೆಯೂಡಿಸುತ್ತಿರುವುದೋ ಎಂದು ನೋಡುವವರು ಯಾರು? ಅದು ಹೋದರೆ ಉಳಿದವು ಚೆದುರಿ, ದಿಕ್ಕು ತಿಳಿಯದ ಮರಿಗಳು ಸುಲಭಕ್ಕೆ ಸಿಗುವ ತೋಟಗಳಿಗೇ ನುಗ್ಗುತ್ತವೆ. ಆ ಭಾನುವಾರದ ಮೇಲೆ ನಮ್ಮ ಬೈಲಿನಲ್ಲಿ ಉಪದ್ರ ಕಡಿಮೆಯಾಗಲಿಲ್ಲ. ಮೊದಲು ಒಂದು ಕಡೆ ಅಗೆಯುತ್ತಿದ್ದವು, ಈಗ ನಾಲ್ಕು ಕಡೆ.

ಹಾಗಾದರೆ ಹೊಡೆಯುವುದು ಹೇಗೆ? ಕಾದು ಕೂತು. ಹಂದಿ ದಿನಾ ಬರುವ ದಾರಿ, ಅಗೆಯುವ ಜಾಗ ನಮಗೆಲ್ಲ ಗೊತ್ತಿದೆ. ಅಲ್ಲಿ ಒಂದು ಅಟ್ಟಳಿಗೆ ಕಟ್ಟಿ, ಗಾಳಿ ನೋಡಿ, ಮೇಲೆ ಕೂರಬೇಕು. 20-25 ಮೀಟರಿನಲ್ಲಿ ಹಂದಿ ತಲೆ ತಗ್ಗಿಸಿ ಅಗೆಯುತ್ತ ಅಡ್ಡ ನಿಂತಾಗ, ಮರಿ ಇದೆಯೇ ಎಂದು ನೋಡಿ, ಮುಂಗಾಲಿನ ನೇರಕ್ಕೆ ಮೈಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಒಂದು ಗುಂಡು. ಮೇಲಿನಿಂದ ಕೆಳಕ್ಕೆ ಹೋದ ಗುಂಡು ತಪ್ಪಿದರೂ ಅಗೆದ ಮಣ್ಣಿಗೆ ಹೋಗುತ್ತದೆ, ಮನೆಯ ಹಂಚಿಗಲ್ಲ. ಹೀಗೆ ಮಾಡಿದರೆ ಹಂದಿ ಸಿಗುವುದೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಿಗುತ್ತದೆ, ಆದರೆ ಸೊಳ್ಳೆ ಕಚ್ಚಿಸಿಕೊಂಡು ನಿದ್ದೆಗೆಟ್ಟು ಕೂರಬೇಕು, ಎಷ್ಟೋ ರಾತ್ರಿ ಬರಿಗೈಯಲ್ಲಿ ಇಳಿಯಬೇಕು. ಭಾನುವಾರದ ಗೌಜಿ ಅದರಲ್ಲಿ ಇಲ್ಲ. ಬಾಯಿಬಿಟ್ಟು ಹೇಳುವವರಿಲ್ಲ, ಆದರೆ ನಾಯಿ ಬಿಟ್ಟು ಎಬ್ಬಿಸುವುದರ ಹಿಂದೆ ಬೆಳೆಯ ಚಿಂತೆಗಿಂತ ಆ ಗೌಜಿಯ ಆಸೆಯೇ ಜಾಸ್ತಿ ಎಂದು ನನಗೆ ಕಾಣುತ್ತದೆ. ಕೋವಿದಾರ ಮಿತ್ರರು ಬೇಸರಿಸಬಾರದು.

ಆದ್ದರಿಂದ ಅಧ್ಯಕ್ಷರಲ್ಲಿ ನನ್ನ ಬೇಡಿಕೆ ಏನೆಂದರೆ, ನೀವು ಸಹಿ ಹಾಕುವ ಅನುಮತಿ ಪತ್ರದಲ್ಲೇ ನಿಂತ ಹಂದಿಗೆ, ಎತ್ತರದ ಜಾಗದಿಂದ, 30 ಮೀಟರಿನೊಳಗೆ ಮಾತ್ರ ಎಂದು ಬರೆಯಿರಿ. ನಾಯಿ ಬಿಟ್ಟು ಓಡಿಸಿ ಹೊಡೆಯುವಂತಿಲ್ಲ ಎಂದೂ ಬರೆಯಿರಿ. ಇದಕ್ಕೆ ತಿರುವನಂತಪುರದ ಅಪ್ಪಣೆ ಕಾಯಬೇಕಾಗಿಲ್ಲ. ಜನರಿಗೆ ಅಪಾಯ ಆಗಬಾರದು ಎಂಬ ಷರತ್ತನ್ನು ಪಾಲಿಸುವ ದಾರಿಯನ್ನು ಬಿಡಿಸಿ ಬರೆದಂತಾಯಿತು, ಅಷ್ಟೇ. ಒಂದು ವಿನಾಯಿತಿಯನ್ನು ನಾನೇ ಹೇಳುತ್ತೇನೆ: ಮೊದಲೇ ಗುಂಡು ತಾಗಿದ ಹಂದಿ ಓಡುತ್ತಿದ್ದರೆ, ಹಿಂದೆ ಗುಡ್ಡೆಯ ಮಣ್ಣು ಮಾತ್ರ ಇದೆ ಎಂದು ಖಾತ್ರಿಯಿದ್ದರೆ, ಅದನ್ನು ಬೀಳಿಸಲು ಇನ್ನೊಂದು ಗುಂಡು ಹಾರಿಸಲೇಬೇಕು. ಅದು ಬೇಟೆಯಲ್ಲ, ಶುರು ಮಾಡಿದ್ದನ್ನು ಮುಗಿಸುವುದು.

ಪಟ್ಟಿಗೆ ಸೇರಿಸುವ ಮೊದಲು ಒಂದು ಪರೀಕ್ಷೆ ಇಡಿ. ಹೆಚ್ಚೇನೂ ಬೇಡ. ಪೊಲೀಸರ ಅನುಮತಿ ಪಡೆದು ಅವರ ಎದುರೇ, ಹಿಂದೆ ಎತ್ತರದ ಮಣ್ಣಿನ ದರೆ ಇರುವ ಜಾಗದಲ್ಲಿ, 25 ಮೀಟರ್ ದೂರದ ಒಂದು ಗೇಣಿನ ವೃತ್ತಕ್ಕೆ ಐದರಲ್ಲಿ ನಾಲ್ಕು ಗುಂಡು ತಾಗಿಸಲಿ. ನನ್ನಿಂದಲೇ ಶುರುಮಾಡಿ, ತಾಗಿಸಲಾಗದಿದ್ದರೆ ನನ್ನ ಹೆಸರನ್ನೇ ಮೊದಲು ತೆಗೆಯಿರಿ.

ರಿಜಿಸ್ಟರಿಗೆ ಎರಡು ಕಾಲಂ ಸೇರಿಸಿ: ಹಾರಿಸಿದ ತೋಟೆ ಎಷ್ಟು, ತಾಗಿ ತಪ್ಪಿಸಿಕೊಂಡದ್ದು ಎಷ್ಟು. ತಪ್ಪಿಸಿಕೊಂಡದ್ದನ್ನು ಹುಡುಕುವ ಹೊಣೆ ಹೊಡೆದವರದ್ದೇ ಆಗಿರಲಿ. ಅದೇ ದಿನ ವಾರ್ಡ್ ಸದಸ್ಯರ ಮೂಲಕ ಸುತ್ತಲಿನ ಮನೆಗಳಿಗೆ ತಿಳಿಸಲಿ, ಮರುದಿನ ಸಂಜೆಯವರೆಗೂ ಹುಡುಕಲಿ. ಹೊಟ್ಟೆಗೆ ತಾಗಿದ್ದನ್ನು ಕೂಡಲೇ ಅಟ್ಟಬಾರದು, ಕೆಲವು ಗಂಟೆ ಬಿಟ್ಟು ಹೋದರೆ ಹತ್ತಿರದಲ್ಲೇ ಮಲಗಿ ಸಿಗುತ್ತದೆ ಎಂಬುದನ್ನೂ ಅವರಿಗೆ ಯಾರಾದರೂ ಹೇಳಿಕೊಡಲಿ. ಸತ್ತ ಹಂದಿಯ ತಲೆ ಲೆಕ್ಕದಲ್ಲಿ ಗೌರವಧನ ಕೊಡುವ ಕ್ರಮವನ್ನು ಬಿಟ್ಟು, ಕಾದು ಕೂತ ರಾತ್ರಿಗೆ ಕೊಡುವ ದಾರಿ ಇದೆಯೇ ಎಂದು ಮೇಲಿನವರನ್ನು ಕೇಳಿ. ತಲೆಗೆ ದುಡ್ಡು ಇಟ್ಟಷ್ಟು ಕಾಲ ಬೆರಳು ಅವಸರ ಮಾಡುತ್ತದೆ. ಆ ಗೇರುಗುಡ್ಡೆಯ ಕಾಡು ಕಡಿಸುವುದು ಯಾರ ಕೆಲಸ ಎಂಬುದನ್ನು ಇನ್ನೊಂದು ಪತ್ರದಲ್ಲಿ ಕೇಳುತ್ತೇನೆ.

ಇನ್ನೊಂದು ಮಾತು. ಷರತ್ತುಗಳಿರುವ ಆದೇಶ ನಮಗೆ ಬರುವುದು ಮಲಯಾಳದಲ್ಲಿ. ಪಟ್ಟಿಯಲ್ಲಿರುವವರಲ್ಲಿ ನನ್ನ ಪ್ರಾಯದವರು ಹಲವರು ಕನ್ನಡ ಶಾಲೆಯಲ್ಲಿ ಕಲಿತವರು, ಮಲಯಾಳ ಮಾತಾಡುತ್ತಾರೆ, ಓದಲು ತಡಕಾಡುತ್ತಾರೆ. ಓದಲಾಗದ ಷರತ್ತಿಗೆ ಸಹಿ ಹಾಕಿಸಿ ಕೋವಿ ಕೊಟ್ಟು ಕಳಿಸುವುದು ಯಾವ ನ್ಯಾಯ? ಭಾಷಾ ಅಲ್ಪಸಂಖ್ಯಾತರಾದ ನಮಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ಆದೇಶದ ಷರತ್ತುಗಳನ್ನು ಒಂದು ಪುಟದಲ್ಲಿ ಕನ್ನಡಕ್ಕೆ ತಂದು, ಅನುಮತಿ ಪತ್ರದ ಹಿಂಬದಿಗೇ ಮುದ್ರಿಸಿ.

ಕಾಡುಹಂದಿಯನ್ನು ಕ್ಷುದ್ರಜೀವಿ (ಕಾಯ್ದೆಯ ರಕ್ಷಣೆ ಇಲ್ಲದ ಉಪದ್ರದ ಪ್ರಾಣಿ) ಎಂದು ಘೋಷಿಸಬೇಕೆಂದು ರಾಜ್ಯ ಸರಕಾರ ಕೇಂದ್ರವನ್ನು ಹಲವು ಸಲ ಕೇಳಿದೆ. ಹಾಗೆ ಘೋಷಣೆಯಾದರೆ ನಿಮ್ಮ ಸಹಿಯೂ ಬೇಕಾಗಲಿಕ್ಕಿಲ್ಲ, ಪತ್ರವೂ ಬೇಕಾಗಲಿಕ್ಕಿಲ್ಲ. ಕೋವಿ ಇದ್ದವರೆಲ್ಲ ಕಂಡಲ್ಲಿ ಹೊಡೆಯುವ ದಿನ ಬರುವ ಮೊದಲು, ಹೇಗೆ ಹೊಡೆಯಬೇಕು ಎಂಬ ರೂಢಿಯನ್ನು ಹಾಕಿಕೊಡಲು ನಿಮಗೆ ಈಗ ಅವಕಾಶ ಇದೆ.

ಮುಂದಿನ ಆಡಳಿತ ಸಮಿತಿ ಸಭೆಯಲ್ಲಿ ಈ ಪತ್ರವನ್ನು ಚರ್ಚೆಗೆ ಇಡಬೇಕೆಂದೂ, ತೀರ್ಮಾನವನ್ನು ಕನ್ನಡದಲ್ಲಿ ನೋಟೀಸ್ ಬೋರ್ಡಿಗೆ ಹಾಕಬೇಕೆಂದೂ ಕೇಳಿಕೊಳ್ಳುತ್ತೇನೆ. ಅಲ್ಲಿಯವರೆಗೆ ಎಬ್ಬಿಸಿ ಹೊಡೆಯುವ ಯಾವ ಭಾನುವಾರಕ್ಕೂ ನನ್ನನ್ನು ಕರೆಯಬೇಡಿ. ಅಟ್ಟಳಿಗೆ ಕಟ್ಟುವುದಿದ್ದರೆ ಮರ, ಹಗ್ಗ ನಮ್ಮ ತೋಟದಿಂದಲೇ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪಂಚಾಯತ್ ಪಟ್ಟಿಯಲ್ಲಿರುವ ಒಬ್ಬ ಕೃಷಿಕ
ಮಂಜೇಶ್ವರ ತಾಲೂಕು